ಡಾಕ್ಟರ್ ಆಗಬೇಕು ಅನ್ನುವ ಮಕ್ಕಳು ಅಮೆರಿಕದ ಕಾಲೇಜಿನಲ್ಲಿ ಯಾವ ಕೋರ್ಸ್ ತಗೋಬೇಕು, ಯಾವಾಗ ತಗೋಬೇಕು

ಪ್ರತಿ ವರ್ಷ ಜುಲೈ ಬಂತೆಂದರೆ ನನಗೆ ಫೋನ್ ಬರುವುದು ಶುರುವಾಗುತ್ತದೆ. ಕನ್ನಡ ಕೂಟದ ಯುಗಾದಿಯಲ್ಲೋ ಗಣೇಶನ ಹಬ್ಬದಲ್ಲೋ ಪಕ್ಕದಲ್ಲಿ ಕೂತು ಊಟ ಮಾಡಿದವರು, ಅವರ ಕಡೆಯಿಂದ ನಂಬರ್ ತೆಗೆದುಕೊಂಡವರು. "ಅಕ್ಕಾ, ಮಗ ಪ್ರೀಮೆಡ್ ಅಂತ ಕಾಲೇಜು ಸೇರ್ತಿದ್ದಾನೆ, ಮುಂದಿನ ವಾರ ಓರಿಯೆಂಟೇಶನ್, ಯಾವ್ಯಾವ ಕೋರ್ಸ್ ಹಾಕಿಸ್ಲಿ?" ಫೋನಿನಲ್ಲಿ ಹೇಳಿದ್ದರಲ್ಲಿ ಅರ್ಧ ಅವರಿಗೆ ನೆನಪಿರುವುದಿಲ್ಲ, ನನಗೂ ಏನೋ ಒಂದು ಬಿಟ್ಟುಹೋಗಿರುತ್ತದೆ. ಅದಕ್ಕೇ ಬರೆದಿಡುತ್ತಿದ್ದೇನೆ. ನಾನು ಅಡ್ವೈಸರ್ ಅಲ್ಲ, ಡಾಕ್ಟರೂ ಅಲ್ಲ. ನನ್ನ ಮಗಳು ಈ ದಾರಿಯಲ್ಲಿ ಹೋದಳು, ಈಗ ಮೆಡಿಕಲ್ ಸ್ಕೂಲಿನಲ್ಲಿ ಎರಡನೇ ವರ್ಷ. ಅವಳ ಜೊತೆ ಕೂತು ಕಲಿತದ್ದು, ಆಮೇಲೆ ಬೇರೆ ಮಕ್ಕಳ ಕೋರ್ಸ್ ಪಟ್ಟಿ ನೋಡಿ ನೋಡಿ ತಿಳಿದದ್ದು ಇಷ್ಟು.

ಮೊದಲು ನಮ್ಮೂರಿನ ಲೆಕ್ಕವನ್ನು ಪಕ್ಕಕ್ಕಿಡಿ. ಅಲ್ಲಿ ಪಿಯುಸಿಯಲ್ಲಿ ಪಿಸಿಎಂಬಿ, ಆಮೇಲೆ ನೀಟ್, ಸೀಟು ಸಿಕ್ಕರೆ ನೇರ ಎಂಬಿಬಿಎಸ್. ಇಲ್ಲಿ ಮೊದಲು ನಾಲ್ಕು ವರ್ಷದ ಡಿಗ್ರಿ, ಅದಾದ ಮೇಲೆ ನಾಲ್ಕು ವರ್ಷದ ಮೆಡಿಕಲ್ ಸ್ಕೂಲು, ಆಮೇಲೆ ರೆಸಿಡೆನ್ಸಿ ಅನ್ನುವ ಆಸ್ಪತ್ರೆಯ ತರಬೇತಿ. ಪ್ಲಸ್ ಟೂ ಮುಗಿದ ಕೂಡಲೇ ಎರಡಕ್ಕೂ ಸೇರಿಸಿ ಸೀಟು ಕೊಡುವ ಪ್ರೋಗ್ರಾಂಗಳೂ ಇವೆ, ಬ್ರೌನ್ ವಿಶ್ವವಿದ್ಯಾಲಯದ ಎಂಟು ವರ್ಷದ್ದು, ಕಾನ್ಸಸ್ ಸಿಟಿಯಲ್ಲಿ ಮಿಸ್ಸೂರಿ ವಿಶ್ವವಿದ್ಯಾಲಯದ ಆರು ವರ್ಷದ್ದು, ಹೀಗೆ. ಆದರೆ ಅವುಗಳಲ್ಲಿ ಸೀಟು ತುಂಬಾ ಕಡಿಮೆ. ಉಳಿದವರಿಗೆಲ್ಲ ಪ್ರೀಮೆಡ್ ಅನ್ನುವುದು ಒಂದು ಡಿಗ್ರಿ ಅಲ್ಲ, ಬಹುತೇಕ ಕಾಲೇಜುಗಳಲ್ಲಿ ಅದೊಂದು ಕೋರ್ಸುಗಳ ಪಟ್ಟಿ ಅಷ್ಟೇ. ಡಿಗ್ರಿ ಯಾವುದರಲ್ಲಾದರೂ ಮಾಡಬಹುದು, ಇಂಗ್ಲಿಷ್ ಸಾಹಿತ್ಯ, ಇತಿಹಾಸ, ಸಂಗೀತ, ಗಣಿತ ಯಾವುದಾದರೂ ಸರಿ, ಆ ಪಟ್ಟಿಯಲ್ಲಿರುವುದು ಮುಗಿದಿರಬೇಕು.

ಪಟ್ಟಿ ಹೀಗಿದೆ. ಲ್ಯಾಬ್ ಸಮೇತ ಒಂದು ವರ್ಷ ಬಯಾಲಜಿ, ಒಂದು ವರ್ಷ ಜನರಲ್ ಕೆಮಿಸ್ಟ್ರಿ, ಒಂದು ವರ್ಷ ಆರ್ಗಾನಿಕ್ ಕೆಮಿಸ್ಟ್ರಿ, ಒಂದು ವರ್ಷ ಫಿಸಿಕ್ಸ್. ಜೊತೆಗೆ ಒಂದು ಸೆಮಿಸ್ಟರ್ ಬಯೋಕೆಮಿಸ್ಟ್ರಿ, ಸ್ವಲ್ಪ ಗಣಿತ, ಇಂಗ್ಲಿಷ್ ಅಥವಾ ಬರವಣಿಗೆಯ ಕೋರ್ಸು ಎರಡು. ಸೈಕಾಲಜಿ, ಸೋಶಿಯಾಲಜಿ ಒಂದೊಂದು ಇದ್ದರೆ ಒಳ್ಳೆಯದು. ಒಂದೊಂದು ಮೆಡಿಕಲ್ ಸ್ಕೂಲಿನದು ಸ್ವಲ್ಪ ಸ್ವಲ್ಪ ಬೇರೆ ಇರುತ್ತದೆ. ಕೆಲವರು ಕ್ಯಾಲ್ಕುಲಸ್ ಕೇಳುತ್ತಾರೆ, ಕೆಲವರಿಗೆ ಸ್ಟ್ಯಾಟಿಸ್ಟಿಕ್ಸ್ ಸಾಕು, ಕೆಲವರು ಇಂಥದ್ದೇ ಕೋರ್ಸ್ ಅನ್ನುವುದಿಲ್ಲ. ಮೆಡಿಕಲ್ ಕಾಲೇಜುಗಳ ಒಕ್ಕೂಟ ಎಎಎಂಸಿ, ಅದರ ಎಂಸಾರ್ ಅನ್ನುವ ಆನ್‌ಲೈನ್ ಪಟ್ಟಿಯಲ್ಲಿ ಪ್ರತಿ ಸ್ಕೂಲಿನ ವಿವರ ಸಿಗುತ್ತದೆ. ದುಡ್ಡು ಕೊಡಬೇಕು, ಆದರೆ ಕೊಟ್ಟದ್ದು ದಂಡ ಅಲ್ಲ.

ಒಂದು ಎಚ್ಚರಿಕೆ. ಒಂದೇ ಕಾಲೇಜಿನಲ್ಲಿ ಬಯಾಲಜಿ ಅನ್ನುವ ಹೆಸರಿನಲ್ಲೇ ಮೂರು ನಾಲ್ಕು ಕೋರ್ಸ್ ಇರುತ್ತವೆ. ಸೈನ್ಸ್ ಓದದವರಿಗೆ ಅಂತ ಒಂದು, ಬಯಾಲಜಿ ಮೇಜರ್‌ನವರಿಗೆ, ಅಂದರೆ ಅದನ್ನೇ ಡಿಗ್ರಿಯ ಮುಖ್ಯ ವಿಷಯವಾಗಿ ತೆಗೆದುಕೊಂಡವರಿಗೆ, ಒಂದು. ಕೆಮಿಸ್ಟ್ರಿಯಲ್ಲೂ ಅದೇ ಕಥೆ. ಬೇಕಾಗಿರುವುದು ಸೈನ್ಸ್ ಮೇಜರ್‌ನವರದ್ದು. ಸುಲಭ ಇದೆ ಅಂತ ಇನ್ನೊಂದಕ್ಕೆ ಸೇರಿದರೆ ಒಂದು ಸೆಮಿಸ್ಟರ್ ಹೋಯಿತು. ಫಿಸಿಕ್ಸ್‌ನಲ್ಲಿ ಮಾತ್ರ ಉಲ್ಟಾ: ಎಂಜಿನಿಯರಿಂಗ್‌ನವರು ತೆಗೆದುಕೊಳ್ಳುವ ಕ್ಯಾಲ್ಕುಲಸ್ ಇರುವ ಫಿಸಿಕ್ಸ್ ಬಹುಪಾಲು ಮೆಡಿಕಲ್ ಸ್ಕೂಲುಗಳಿಗೆ ಬೇಕಿಲ್ಲ, ಆಲ್ಜೀಬ್ರಾದ್ದು ಸಾಕು. ಮೇಜರ್‌ಗೇ ಬೇಕಾದರೆ ಬೇರೆ ಮಾತು. ಇನ್ನೊಂದು, ಲ್ಯಾಬ್‌ಗೆ ಎಷ್ಟೋ ಕಡೆ ಬೇರೆ ಕೋಡ್ ಇರುತ್ತದೆ, ಬೇರೆಯಾಗಿಯೇ ರಿಜಿಸ್ಟರ್ ಮಾಡಬೇಕು. ಕ್ಲಾಸಿಗೆ ಸೇರಿ ಲ್ಯಾಬ್ ಮರೆತ ಮಕ್ಕಳನ್ನು ನಾನು ನೋಡಿದ್ದೇನೆ.

ಈಗ ಮುಖ್ಯ ವಿಷಯ. ಈ ಪಟ್ಟಿಯಲ್ಲಿ ಬೇರೆಲ್ಲವನ್ನೂ ಆಚೀಚೆ ಸರಿಸಬಹುದು, ಕೆಮಿಸ್ಟ್ರಿಯನ್ನು ಸರಿಸಲು ಆಗುವುದಿಲ್ಲ. ಜನರಲ್ ಕೆಮಿಸ್ಟ್ರಿ ಒಂದು ಮುಗಿಯದೆ ಎರಡು ಇಲ್ಲ, ಎರಡು ಮುಗಿಯದೆ ಆರ್ಗಾನಿಕ್ ಇಲ್ಲ, ಆರ್ಗಾನಿಕ್ ಆಗದೆ ಬಯೋಕೆಮಿಸ್ಟ್ರಿ ಇಲ್ಲ. ಎಣಿಸಿ ನೋಡಿ, ಒಟ್ಟು ಐದು ಸೆಮಿಸ್ಟರ್. ರೈಲಿನ ಡಬ್ಬಿ ಥರ ಒಂದರ ಹಿಂದೆ ಒಂದು. ಅದೂ ಅಲ್ಲದೆ ಚಿಕ್ಕ ಕಾಲೇಜುಗಳಲ್ಲಿ ಆರ್ಗಾನಿಕ್ ಒಂದು ಬರೀ ಆಗಸ್ಟಿನಲ್ಲಿ ಶುರುವಾಗುತ್ತದೆ, ಅದನ್ನು ತಪ್ಪಿಸಿಕೊಂಡರೆ ಮತ್ತೆ ಸಿಗುವುದು ಮುಂದಿನ ಆಗಸ್ಟಿನಲ್ಲಿ.

ಯಾಕೆ ಇದು ಮುಖ್ಯ ಅಂದರೆ, ಮೆಡಿಕಲ್ ಸ್ಕೂಲಿಗೆ ಅರ್ಜಿ ಹಾಕುವುದು ಸೇರುವುದಕ್ಕೆ ಒಂದು ವರ್ಷಕ್ಕೂ ಮುಂಚೆ. ಡಿಗ್ರಿ ಮುಗಿದ ಆಗಸ್ಟಿನಲ್ಲೇ ಸೇರಬೇಕು ಅಂದರೆ ಮೂರನೇ ವರ್ಷ ಮುಗಿಯುವ ಹೊತ್ತಿಗೆ, ಮೇ ಕೊನೆ ಅಥವಾ ಜೂನ್‌ನಲ್ಲಿ ಅರ್ಜಿ ಹೋಗಬೇಕು. ಅದಕ್ಕೂ ಮುಂಚೆ ಎಂಕ್ಯಾಟ್ ಅನ್ನುವ ಮೆಡಿಕಲ್ ಪ್ರವೇಶ ಪರೀಕ್ಷೆ ಬರೆದಿರಬೇಕು. ಎಂಕ್ಯಾಟ್‌ನಲ್ಲಿ ಬಯೋಕೆಮಿಸ್ಟ್ರಿ ಧಾರಾಳವಾಗಿ ಬರುತ್ತದೆ. ಅಂದರೆ ಮೂರನೇ ವರ್ಷದ ಮೊದಲ ಸೆಮಿಸ್ಟರ್‌ನಲ್ಲಿ ಬಯೋಕೆಮಿಸ್ಟ್ರಿ ಮುಗಿಯಬೇಕು. ಅಲ್ಲಿಂದ ಹಿಂದಕ್ಕೆ ಎಣಿಸುತ್ತಾ ಬನ್ನಿ: ಎರಡನೇ ವರ್ಷ ಆರ್ಗಾನಿಕ್, ಮೊದಲನೇ ವರ್ಷ ಜನರಲ್ ಕೆಮಿಸ್ಟ್ರಿ. ಒಂದು ಸೆಮಿಸ್ಟರ್ ಕೂಡ ಹೆಚ್ಚುವರಿ ಇಲ್ಲ.

ಆದರೆ ಡಿಗ್ರಿ ಮುಗಿಸಿ ಒಂದು ವರ್ಷ ಬಿಟ್ಟು ಸೇರುತ್ತೇನೆ ಅಂದರೆ ಪೂರ್ತಿ ಒಂದು ವರ್ಷ ಕೈಗೆ ಸಿಗುತ್ತದೆ. ಇಲ್ಲಿ ಅದಕ್ಕೆ ಗ್ಯಾಪ್ ಇಯರ್ ಅನ್ನುತ್ತಾರೆ. ನಮ್ಮವರಿಗೆ ಈ ಮಾತು ಕೇಳಿದರೇ ಸಂಕಟ, "ಒಂದು ವರ್ಷ ಮನೇಲಿ ಕೂರೋದಾ?" ಅಂತ. ಈಗ ಮೆಡಿಕಲ್ ಸ್ಕೂಲಿಗೆ ಸೇರುವವರಲ್ಲಿ ಅರ್ಧಕ್ಕಿಂತ ಜಾಸ್ತಿ ಮಕ್ಕಳು ನಡುವೆ ಕನಿಷ್ಠ ಒಂದು ವರ್ಷ ಬಿಟ್ಟೇ ಸೇರುತ್ತಾರೆ. ಆ ವರ್ಷ ಆಸ್ಪತ್ರೆಯಲ್ಲೋ ಲ್ಯಾಬಿನಲ್ಲೋ ಕೆಲಸ ಮಾಡುತ್ತಾರೆ, ಸಂಬಳವೂ ಬರುತ್ತದೆ. ನನ್ನ ಮಗಳು ಹಾಗೇ ಮಾಡಿದಳು. ಮಾಡಲೇಬೇಕಾಯಿತು ಅನ್ನಬೇಕು. ಅದರ ಕಾರಣ ಹೇಳುತ್ತೇನೆ, ನಿಮ್ಮ ಮನೆಯಲ್ಲಿ ಆಗದಿರಲಿ.

ಎಪಿ ಅಂದರೆ ಹೈಸ್ಕೂಲಿನಲ್ಲೇ ಓದುವ ಕಾಲೇಜು ಮಟ್ಟದ ಕೋರ್ಸು. ಅವಳು ಎಪಿ ಕೆಮಿಸ್ಟ್ರಿಯಲ್ಲಿ ಐದಕ್ಕೆ ಐದು ತೆಗೆದಿದ್ದಳು. ಕಾಲೇಜಿನವರು ಜನರಲ್ ಕೆಮಿಸ್ಟ್ರಿ ಎರಡಕ್ಕೂ ಕ್ರೆಡಿಟ್ ಕೊಟ್ಟರು, ನೇರ ಆರ್ಗಾನಿಕ್‌ಗೆ ಸೇರಬಹುದು ಅಂದರು. ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಇಬ್ಬರೂ ಕೂತಿದ್ದೆವು. "ಅಮ್ಮಾ, ಫಸ್ಟ್ ಸೆಮಿಸ್ಟರ್‌ಗೇ ಆರ್ಗಾನಿಕ್ ಬೇಡ ಅನ್ಸತ್ತೆ" ಅಂದಳು. "ಒಂದು ವರ್ಷ ಉಳಿಯುತ್ತೆ ಪುಟ್ಟಾ, ತಗೋ" ಅಂದವಳು ನಾನು. ಆರ್ಗಾನಿಕ್, ಬಯಾಲಜಿ, ಎರಡಕ್ಕೂ ಲ್ಯಾಬ್, ಕ್ಯಾಲ್ಕುಲಸ್, ಬರವಣಿಗೆ ಕ್ಲಾಸು. ಒಟ್ಟು 17 ಕ್ರೆಡಿಟ್ (ಕೋರ್ಸು ಎಷ್ಟು ದೊಡ್ಡದು ಅನ್ನುವುದರ ಅಳತೆ). ಅಕ್ಟೋಬರ್ ಮೊದಲ ವಾರ ಆರ್ಗಾನಿಕ್‌ನ ಮೊದಲ ಟೆಸ್ಟ್, ನೂರಕ್ಕೆ 48. ಫೋನ್ ಮಾಡಿ ಏನೂ ಮಾತಾಡದೆ ಅಳುತ್ತಿದ್ದಳು. ಕೊನೆಗೆ ಸಿ ಪ್ಲಸ್ ಬಂತು. ಅವಳಿಗೆ ಓದಲು ಬರುವುದಿಲ್ಲ ಅಂತಲ್ಲ. ಹೊಸ ಊರು, ಹೊಸ ರೂಮ್‌ಮೇಟ್, ಬಟ್ಟೆ ಒಗೆಯುವುದರಿಂದ ಹಿಡಿದು ಎಲ್ಲವನ್ನೂ ಮೊದಲ ಸಲ ತಾನೇ ಮಾಡಿಕೊಳ್ಳುವ ತಿಂಗಳುಗಳು ಅವು. ಪಕ್ಕದ ಸೀಟಿನವರೆಲ್ಲ ಎರಡನೇ ವರ್ಷದವರು. ಅವಳ ಮಾತು ಕೇಳಬೇಕಿತ್ತು, ನಾನು ಕೇಳಲಿಲ್ಲ.

ಒಂದು ಸೆಮಿಸ್ಟರ್ ಕೆಟ್ಟರೆ ಏನಾಗುತ್ತದೆ ಅಂತ ಲೆಕ್ಕ ಹಾಕಿ ತೋರಿಸುತ್ತೇನೆ. ಎಂಡಿ ಸ್ಕೂಲುಗಳಿಗೆ (ಇಲ್ಲಿ ಎಂಡಿ ಅನ್ನುವುದೇ ಡಾಕ್ಟರ ಮೊದಲ ಡಿಗ್ರಿ, ನಮ್ಮೂರಿನ ಎಂಬಿಬಿಎಸ್ ಜಾಗದಲ್ಲಿ) ವರ್ಷಕ್ಕೆ 50 ಸಾವಿರಕ್ಕೂ ಹೆಚ್ಚು ಮಕ್ಕಳು ಅರ್ಜಿ ಹಾಕುತ್ತಾರೆ, ಸೇರುವುದು ಸುಮಾರು 23 ಸಾವಿರ. ಸೇರಿದವರ ಸರಾಸರಿ ಜಿಪಿಎ, ಅಂದರೆ ಎಲ್ಲ ಕೋರ್ಸಿನ ಗ್ರೇಡ್ ಸೇರಿಸಿ ತೆಗೆದ ಸರಾಸರಿ, ನಾಲ್ಕಕ್ಕೆ 3.7ರ ಮೇಲೆ. ಮೂರು ವರ್ಷಕ್ಕೆ, ಸೆಮಿಸ್ಟರ್‌ಗೆ 15ರಂತೆ, 90 ಕ್ರೆಡಿಟ್ ಅಂತ ಇಟ್ಟುಕೊಳ್ಳಿ. ಮೊದಲ ಸೆಮಿಸ್ಟರ್‌ನಲ್ಲಿ 3.0 ಬಂತು. ಕೊನೆಗೆ 3.7 ಆಗಬೇಕಾದರೆ ಉಳಿದ ಐದೂ ಸೆಮಿಸ್ಟರ್‌ನಲ್ಲಿ 3.84 ಬರುತ್ತಿರಬೇಕು. ಕಷ್ಟ, ಆದರೆ ಆಗುತ್ತದೆ. ಮೊದಲ ವರ್ಷ ಎರಡೂ ಸೆಮಿಸ್ಟರ್ 3.0 ಬಂದರೆ? ಉಳಿದ ನಾಲ್ಕರಲ್ಲಿ 4.05 ಬೇಕು. ನಾಲ್ಕರ ಮೇಲೆ ಇಲ್ಲವೇ ಇಲ್ಲ. ಆಗ ನಾಲ್ಕನೇ ವರ್ಷದ ಅಂಕವನ್ನೂ ಸೇರಿಸಿಕೊಂಡು ತಡವಾಗಿ ಅರ್ಜಿ ಹಾಕುವುದೇ ದಾರಿ.

ಮತ್ತೆ ಆ ಕೋರ್ಸನ್ನು ಇನ್ನೊಮ್ಮೆ ತೆಗೆದುಕೊಂಡು ಹಳೆಯದನ್ನು ಅಳಿಸಬಹುದಲ್ವಾ ಅನ್ನುತ್ತಾರೆ. ನಿಮ್ಮ ಕಾಲೇಜಿನ ಲೆಕ್ಕದಲ್ಲಿ ಅಳಿಸಬಹುದು. ಎಂಡಿ ಸ್ಕೂಲುಗಳಿಗೆ ಅರ್ಜಿ ಹೋಗುವ ಆಮ್‌ಕಾಸ್ ಮಾತ್ರ ಎರಡೂ ಸಲದ ಗ್ರೇಡನ್ನು ಎಣಿಸುತ್ತದೆ. ಡಿಓ (ಆಸ್ಟಿಯೋಪತಿಕ್ ಮೆಡಿಸಿನ್, ಡಾಕ್ಟರ್ ಆಗುವ ಇನ್ನೊಂದು ಡಿಗ್ರಿ) ಸ್ಕೂಲುಗಳ ಅರ್ಜಿಯಲ್ಲಿ ಮೊದಲು ಹೊಸ ಗ್ರೇಡ್ ಮಾತ್ರ ಹಿಡಿಯುತ್ತಿದ್ದರು, ಅದನ್ನೂ 2017ರಲ್ಲಿ ನಿಲ್ಲಿಸಿದರು. ಅದೂ ಅಲ್ಲದೆ ಆಮ್‌ಕಾಸ್ ಬಯಾಲಜಿ, ಕೆಮಿಸ್ಟ್ರಿ, ಫಿಸಿಕ್ಸ್, ಗಣಿತ ನಾಲ್ಕನ್ನೇ ಬೇರೆ ತೆಗೆದು ಇನ್ನೊಂದು ಜಿಪಿಎ ಮಾಡುತ್ತದೆ. ಅಂದರೆ ಸುಲಭದ ಕೋರ್ಸುಗಳಲ್ಲಿ ಎ ತೆಗೆದು ಸೈನ್ಸಿನ ಸಿ ಮುಚ್ಚಿಡಲು ಆಗುವುದಿಲ್ಲ.

ಹಾಗಾಗಿ ಮೊದಲ ಸೆಮಿಸ್ಟರ್ ಹಗುರ ಇರಲಿ. ಲ್ಯಾಬ್ ಇರುವ ಸೈನ್ಸ್ ಒಂದು, ಹೆಚ್ಚೆಂದರೆ ಎರಡು. ಒಂದು ಗಣಿತ, ಒಂದು ಬರವಣಿಗೆ, ಒಂದು ಮಗು ಇಷ್ಟಪಟ್ಟು ಓದುವಂಥದ್ದು. 14-15 ಕ್ರೆಡಿಟ್ ಸಾಕು. ಫುಲ್‌ಟೈಮ್ ವಿದ್ಯಾರ್ಥಿ ಅನ್ನಿಸಿಕೊಳ್ಳಲು ಸಾಮಾನ್ಯವಾಗಿ 12 ಇದ್ದರೆ ಆಯಿತು. ಲ್ಯಾಬ್‌ಗೆ ಕಾಗದದ ಮೇಲೆ ಒಂದೇ ಕ್ರೆಡಿಟ್ ಇರುತ್ತದೆ, ಆದರೆ ವಾರಕ್ಕೆ ಮೂರು ಗಂಟೆ ನಿಂತು ಮಾಡಬೇಕು, ರಿಪೋರ್ಟ್ ಬರೆಯಲು ಇನ್ನೊಂದು ಸಂಜೆ. ಕ್ರೆಡಿಟ್ ನೋಡಿ ಹೊರೆ ಅಳೆಯಬೇಡಿ, ಗಂಟೆ ನೋಡಿ.

ಎಪಿ ಇದ್ದರೆ ಬಿಟ್ಟು ಮುಂದೆ ಹೋಗಬಾರದು ಅಂತಲ್ಲ. ಗಣಿತದಲ್ಲೋ ಇಂಗ್ಲಿಷಿನಲ್ಲೋ ಬಿಡಿ, ತೊಂದರೆ ಕಡಿಮೆ. ಬಯಾಲಜಿ, ಕೆಮಿಸ್ಟ್ರಿಯಲ್ಲಿ ಬಿಡುವ ಮುಂಚೆ ಎರಡು ಸಲ ಯೋಚಿಸಿ. ಎಪಿ ಕ್ರೆಡಿಟ್ಟಿಗೆ ಕಾಲೇಜಿನ ಗ್ರೇಡ್ ಇರುವುದಿಲ್ಲ, ಜಿಪಿಎಗೆ ಏನೂ ಸೇರುವುದಿಲ್ಲ. ಕೆಲವು ಮೆಡಿಕಲ್ ಸ್ಕೂಲುಗಳು ಎಪಿಯನ್ನು ಒಪ್ಪುವುದಿಲ್ಲ, ಕೆಲವು ಒಪ್ಪಿದರೂ ಅದೇ ವಿಷಯದಲ್ಲಿ ಮೇಲಿನ ಹಂತದ ಕೋರ್ಸ್ ತೆಗೆದುಕೊಂಡಿರಬೇಕು ಅನ್ನುತ್ತವೆ. ಗೊತ್ತಿರುವ ಕೆಮಿಸ್ಟ್ರಿಯನ್ನೇ ಕಾಲೇಜಿನಲ್ಲಿ ಮತ್ತೆ ಓದಿ ಒಳ್ಳೆಯ ಗ್ರೇಡ್ ತೆಗೆದು, ಆ ನೆಲ ಗಟ್ಟಿಯಾದ ಮೇಲೆ ಆರ್ಗಾನಿಕ್‌ಗೆ ಹೋಗುವುದರಲ್ಲಿ ಅವಮಾನ ಏನೂ ಇಲ್ಲ.

ಮೇಜರ್ ವಿಷಯ. ನಮ್ಮ ಮನೆಗಳಲ್ಲಿ ಒಂದು ಯೋಚನೆ ತುಂಬಾ ಕೇಳುತ್ತೇನೆ: ಬಯೋಮೆಡಿಕಲ್ ಎಂಜಿನಿಯರಿಂಗ್ ಮಾಡಲಿ, ಮೆಡಿಕಲ್ ಸಿಗದಿದ್ದರೆ ಕೆಲಸವಾದರೂ ಸಿಗುತ್ತದೆ. ಕೇಳಲು ಸರಿಯಾಗಿದೆ. ಆದರೆ ಎಂಜಿನಿಯರಿಂಗ್‌ನದೇ ಕಡ್ಡಾಯ ಕೋರ್ಸುಗಳು ಟೈಮ್‌ಟೇಬಲ್ ತುಂಬಾ ಇರುತ್ತವೆ, ಆರ್ಗಾನಿಕ್, ಬಯಾಲಜಿಗೆ ಜಾಗ ಹುಡುಕಬೇಕು, ಗ್ರೇಡ್ ಕೊಡುವುದರಲ್ಲೂ ಬಿಗಿ. ಅರ್ಜಿ ನೋಡುವವರು ಎಂಜಿನಿಯರಿಂಗ್ ಕಷ್ಟ ಅಂತ 3.3ನ್ನು 3.7ರಂತೆ ನೋಡುತ್ತಾರೆ ಅಂತ ನಂಬಿ ಕೂರಬೇಡಿ. ಮಗುವಿಗೆ ಎಂಜಿನಿಯರಿಂಗ್ ನಿಜವಾಗಿ ಇಷ್ಟ ಇದ್ದರೆ ಮಾಡಲಿ. ಬರೀ ಭಯಕ್ಕೆ ಬೇಡ. ಅರ್ಜಿ ಹಾಕುವವರಲ್ಲಿ ಅರ್ಧಕ್ಕೂ ಹೆಚ್ಚು ಜನ ಬಯಾಲಜಿ ಕಡೆಯವರು ಅನ್ನುವುದು ನಿಜ, ಯಾಕೆಂದರೆ ಬೇಕಾದ ಕೋರ್ಸುಗಳು ಅದರಲ್ಲೇ ಬಂದುಹೋಗುತ್ತವೆ. ಅದರಿಂದ ಬಯಾಲಜಿಯವರಿಗೇ ಸೀಟು ಸುಲಭ ಅಂತ ಅರ್ಥ ಅಲ್ಲ. ನನ್ನ ಮಗಳು ಎರಡನೇ ವರ್ಷದಲ್ಲಿ ಬಯಾಲಜಿ ಬಿಟ್ಟು ಸೈಕಾಲಜಿ ಮೇಜರ್ ತೆಗೆದುಕೊಂಡಳು. ಮನೆಯಲ್ಲಿ ಒಂದು ವಾರ ಮಾತಿಲ್ಲ ಕಥೆಯಿಲ್ಲ. ಆಮೇಲೆ ಅವಳ ಗ್ರೇಡೂ ಏರಿತು, ಮುಖವೂ ಅರಳಿತು.

ಸೈಕಾಲಜಿಯ ಮಾತು ಬಂದದ್ದಕ್ಕೆ ಎಂಕ್ಯಾಟ್ ಬಗ್ಗೆ ಹೇಳಿಬಿಡುತ್ತೇನೆ. 2015ರಿಂದ ಈ ಪರೀಕ್ಷೆಯಲ್ಲಿ ನಾಲ್ಕು ಭಾಗ. ಒಂದು ಕೆಮಿಸ್ಟ್ರಿ-ಫಿಸಿಕ್ಸ್, ಒಂದು ಬಯಾಲಜಿ-ಬಯೋಕೆಮಿಸ್ಟ್ರಿ, ಒಂದು ಸೈಕಾಲಜಿ-ಸೋಶಿಯಾಲಜಿ, ಇನ್ನೊಂದು ಬರೀ ಓದಿ ಅರ್ಥ ಮಾಡಿಕೊಳ್ಳುವುದು. ಅಂಕ 472ರಿಂದ 528ರವರೆಗೆ. ಬಿಡುವೂ ಸೇರಿ ಏಳೂವರೆ ಗಂಟೆ ಹಿಡಿಯುತ್ತದೆ. ನಾಲ್ಕಕ್ಕೂ ಸಮ ಅಂಕ. ಅಂದರೆ ಸೈಕಾಲಜಿಗೆ ಫಿಸಿಕ್ಸಿನಷ್ಟೇ ಬೆಲೆ, ಬಿಟ್ಟಿ ಕೋರ್ಸ್ ಅಂತ ತಳ್ಳಬೇಡಿ. ಓದಿ ಅರ್ಥ ಮಾಡಿಕೊಳ್ಳುವ ಭಾಗ ಕೊನೆಯ ಮೂರು ತಿಂಗಳ ಕೋಚಿಂಗ್‌ನಲ್ಲಿ ಬರುವಂಥದ್ದಲ್ಲ. ತತ್ವಶಾಸ್ತ್ರ, ಇತಿಹಾಸ, ಸಾಹಿತ್ಯ, ಹೀಗೆ ವಾರಕ್ಕೆ ಐವತ್ತು ನೂರು ಪುಟ ಓದಿಸಿ ಅದರ ಮೇಲೆ ಬರೆಸುವ ಕೋರ್ಸ್ ವರ್ಷಕ್ಕೊಂದು ಇರಲಿ. ನಮ್ಮ ಮಕ್ಕಳು ಸೈನ್ಸಿನಲ್ಲಿ ಚುರುಕಿದ್ದು ಇಲ್ಲಿ ಅಂಕ ಕಳೆದುಕೊಳ್ಳುವುದನ್ನು ಬೇಕಾದಷ್ಟು ನೋಡಿದ್ದೇನೆ. ಗಣಿತದಲ್ಲಿ ಒಂದೇ ಕೋರ್ಸ್‌ಗೆ ಜಾಗ ಇದೆ, ಬೇಕಾದ ಸ್ಕೂಲುಗಳು ಯಾವುದನ್ನೂ ಕಡ್ಡಾಯ ಮಾಡಿಲ್ಲ ಅಂದರೆ ಸ್ಟ್ಯಾಟಿಸ್ಟಿಕ್ಸ್ ತೆಗೆದುಕೊಳ್ಳಿ, ಅದು ಮುಂದೆಯೂ ಜೊತೆಗಿರುತ್ತದೆ.

ಡಾಕ್ಟರ್ ಅಂದರೆ ಎಂಡಿ ಒಂದೇ ಅಂತ ಹಟ ಬೇಡ. ಆದರೆ ಬೇರೆ ದಾರಿ ಹಿಡಿಯುವುದಾದರೆ ಪಟ್ಟಿಯೂ ಬೇರೆ. ಡೆಂಟಲ್‌ಗೆ ಕೋರ್ಸುಗಳು ಹೆಚ್ಚುಕಡಿಮೆ ಇವೇ, ಪ್ರವೇಶ ಪರೀಕ್ಷೆಯಲ್ಲಿ ಮಾತ್ರ ಫಿಸಿಕ್ಸ್ ಇಲ್ಲ. ಕಣ್ಣಿನ ಆಪ್ಟೊಮೆಟ್ರಿ ಪರೀಕ್ಷೆಯಲ್ಲಿ ಫಿಸಿಕ್ಸ್ ಇದೆ. ಫಾರ್ಮಸಿಯ ಪ್ರವೇಶ ಪರೀಕ್ಷೆ 2024ರ ಜನವರಿಗೆ ನಿಂತೇಹೋಯಿತು, ಈಗ ಕೋರ್ಸು, ಗ್ರೇಡುಗಳನ್ನೇ ನೋಡುತ್ತಾರೆ. ಫಿಸಿಕಲ್ ಥೆರಪಿ, ಫಿಸಿಶಿಯನ್ ಅಸಿಸ್ಟೆಂಟ್ ಎರಡಕ್ಕೂ ಅನಾಟಮಿ, ಫಿಸಿಯಾಲಜಿ ಲ್ಯಾಬ್ ಸಮೇತ ಬೇಕು, ಅಸಿಸ್ಟೆಂಟ್‌ಗೆ ಮೈಕ್ರೋಬಯಾಲಜಿಯನ್ನೂ ಎಷ್ಟೋ ಕಡೆ ಕೇಳುತ್ತಾರೆ. ಅಸಿಸ್ಟೆಂಟ್‌ಗೆ ರೋಗಿಗಳ ಜೊತೆ ಕೆಲಸ ಮಾಡಿದ ಗಂಟೆಗಳೂ ಬೇಕು, ಅದು ನೂರರಲ್ಲಲ್ಲ, ಎಷ್ಟೋ ಕಡೆ ಸಾವಿರದ ಲೆಕ್ಕದಲ್ಲಿ. ನರ್ಸಿಂಗ್ ಮಾತ್ರ ಬೇಗ ನಿರ್ಧಾರ ಮಾಡಬೇಕಾದದ್ದು, ಬಹಳ ಕಡೆ ಮೊದಲ ವರ್ಷವೇ ನೇರ ಸೇರಿಸಿಕೊಳ್ಳುತ್ತಾರೆ, ನಡುವೆ ಬದಲಾಯಿಸುವುದು ಕಷ್ಟ. ಬೇರೆ ಡಿಗ್ರಿ ಮುಗಿಸಿದವರಿಗೆ ಒಂದು ಒಂದೂವರೆ ವರ್ಷದ ನರ್ಸಿಂಗ್ ಡಿಗ್ರಿಯೂ ಇದೆ, ಬಾಗಿಲು ಪೂರ್ತಿ ಮುಚ್ಚುವುದಿಲ್ಲ.

ಕೋರ್ಸ್ ಆರಿಸುವಾಗ ಯಾರು ಪಾಠ ಮಾಡುತ್ತಾರೆ ಅಂತಲೂ ನೋಡಿ. ಸಾಮಾನ್ಯವಾಗಿ ಇಬ್ಬರು ಸೈನ್ಸ್ ಪ್ರೊಫೆಸರ್, ಒಬ್ಬರು ಬೇರೆ ವಿಷಯದವರು ಶಿಫಾರಸು ಪತ್ರ ಬರೆಯಬೇಕು. ಮುನ್ನೂರು ಜನರ ಹಾಲ್‌ನಲ್ಲಿ ಕೂತ ಮಗುವಿನ ಹೆಸರು ಯಾರಿಗೆ ಗೊತ್ತಿರುತ್ತದೆ? ಪ್ರತಿ ವರ್ಷ ಇಪ್ಪತ್ತು ಮೂವತ್ತು ಜನರ ಕ್ಲಾಸ್ ಒಂದಾದರೂ ಇರಲಿ. ದೊಡ್ಡ ಕ್ಲಾಸಾದರೆ ಪ್ರೊಫೆಸರ್ ಆಫೀಸ್ ಅವರ್ಸ್‌ಗೆ (ಮಕ್ಕಳು ಬಂದು ಡೌಟ್ ಕೇಳಲು ಅವರು ಇಟ್ಟಿರುವ ಸಮಯ) ಎರಡನೇ ವಾರದಿಂದಲೇ ಹೋಗಲಿ, ಡೌಟ್ ಇಟ್ಟುಕೊಂಡು ಹೋಗಲಿ, ಸುಮ್ನೆ ಮುಖ ತೋರಿಸಲು ಅಲ್ಲ.

ಬೇಸಿಗೆಯಲ್ಲಿ ಆರ್ಗಾನಿಕ್ ಮುಗಿಸಿಬಿಡೋಣ ಅನ್ನುವವರಿಗೆ: ಒಂದು ವರ್ಷದ ಪಾಠವನ್ನು ಎಂಟು ಹತ್ತು ವಾರದಲ್ಲಿ ಸುರಿಯುತ್ತಾರೆ, ಬೇರೆ ಕೆಲಸ ಏನೂ ಇಲ್ಲದಿದ್ದರೆ ಮಾತ್ರ. ಬೇಸಿಗೆಗೆ ಸೋಶಿಯಾಲಜಿ, ಸ್ಟ್ಯಾಟಿಸ್ಟಿಕ್ಸ್ ಹಾಕಿ. ಕಮ್ಯುನಿಟಿ ಕಾಲೇಜಿನಲ್ಲಿ ಒಂದೆರಡು ಓದಿದರೆ ಏನೂ ಆಗುವುದಿಲ್ಲ, ಕಷ್ಟದ್ದೆಲ್ಲ ಅಲ್ಲಿಗೇ ಸಾಗಿಸಿದರೆ ಪ್ರಶ್ನೆ ಬರುತ್ತದೆ. ಪಟ್ಟಿಯಲ್ಲಿರುವ ಕೋರ್ಸುಗಳನ್ನು ಪಾಸ್-ಫೇಲ್ ಅಂತ ತೆಗೆದುಕೊಳ್ಳಬೇಡಿ, ಗ್ರೇಡ್ ಬೇಕು. ಕೈಮೀರುತ್ತಿದೆ ಅನ್ನಿಸಿದರೆ ಮೊದಲ ಒಂದೆರಡು ವಾರದಲ್ಲಿ ಬಿಟ್ಟರೆ ಗುರುತೂ ಉಳಿಯುವುದಿಲ್ಲ. ಆಮೇಲೆ ಬಿಟ್ಟರೆ ಗ್ರೇಡಿನ ಜಾಗದಲ್ಲಿ ಡಬ್ಲ್ಯೂ (ವಿತ್‌ಡ್ರಾ, ಕೋರ್ಸ್ ಬಿಟ್ಟ ಗುರುತು) ಅಂತ ಬೀಳುತ್ತದೆ. ಒಂದು ಡಬ್ಲ್ಯೂ ಬಂದರೆ ಆಕಾಶ ಕಳಚಿ ಬೀಳುವುದಿಲ್ಲ, ಡಿ ಬರುವುದಕ್ಕಿಂತ ಅದು ಎಷ್ಟೋ ವಾಸಿ. ಎರಡೂ ದಿನಾಂಕಗಳನ್ನು ಸೆಮಿಸ್ಟರ್ ಶುರುವಿನಲ್ಲೇ ಕ್ಯಾಲೆಂಡರ್‌ನಲ್ಲಿ ಬರೆದುಕೊಳ್ಳಿ.

ಎಚ್-4 ವೀಸಾದಲ್ಲಿರುವ, ಅಂದರೆ ಅಪ್ಪ ಅಥವಾ ಅಮ್ಮನ ಎಚ್-1ಬಿ ಕೆಲಸದ ವೀಸಾದ ಮೇಲೆ ಇಲ್ಲಿರುವ, ಮಕ್ಕಳ ತಂದೆತಾಯಿಗೆ ಇದನ್ನು ಬೇಗ ಹೇಳಲೇಬೇಕು, ಬಹಳ ಜನಕ್ಕೆ ಮೂರನೇ ವರ್ಷದಲ್ಲಿ ಗೊತ್ತಾಗುತ್ತದೆ. 21 ತುಂಬಿದ ಮೇಲೆ ಎಚ್-4 ಇರುವುದಿಲ್ಲ. ಗ್ರೀನ್ ಕಾರ್ಡ್ ಬಂದಿಲ್ಲದಿದ್ದರೆ ಎಷ್ಟೋ ಮೆಡಿಕಲ್ ಸ್ಕೂಲುಗಳು ಅರ್ಜಿಯನ್ನೇ ತೆಗೆದುಕೊಳ್ಳುವುದಿಲ್ಲ. ತೆಗೆದುಕೊಳ್ಳುವ ಕೆಲವು ಸ್ಕೂಲುಗಳು ಫೀಸಿನ ದುಡ್ಡನ್ನು ಮುಂಚೆಯೇ ಬ್ಯಾಂಕಿನಲ್ಲಿ ಇಟ್ಟು ತೋರಿಸಿ ಅನ್ನುತ್ತವೆ. ಸರ್ಕಾರದ ಸಾಲವೂ ಸಿಗುವುದಿಲ್ಲ. ಯಾವ ಸ್ಕೂಲು ತೆಗೆದುಕೊಳ್ಳುತ್ತದೆ ಅನ್ನುವುದು ಎಂಸಾರ್‌ನಲ್ಲೇ ಇದೆ, ಮೊದಲ ವರ್ಷವೇ ಪಟ್ಟಿ ಮಾಡಿ, ಅವರು ಕೇಳುವ ಕೋರ್ಸುಗಳನ್ನೇ ಗುರಿ ಇಟ್ಟುಕೊಳ್ಳಿ. ಇಂಥ ಮಕ್ಕಳಿಗೆ ಕೆಲಸ ಸಿಗುವ ಮೇಜರ್ ಇರಲಿ ಅನ್ನುವ ಮಾತನ್ನು ನಾನೂ ಒಪ್ಪುತ್ತೇನೆ, ಅದು ಭಯ ಅಲ್ಲ, ಲೆಕ್ಕ.

ಕೊನೆಯ ಕೆಲಸ ಇದು, ಆದರೆ ಇವತ್ತೇ ಮಾಡಿ. ಒಂದು ದೊಡ್ಡ ಹಾಳೆ ತೆಗೆದುಕೊಂಡು ಎಂಟು ಕಾಲಂ ಎಳೆಯಿರಿ, ಎಂಟು ಸೆಮಿಸ್ಟರ್. ಮೊದಲು ಕೆಮಿಸ್ಟ್ರಿಯ ಐದು ಡಬ್ಬಿ ಬರೆಯಿರಿ. ಆಮೇಲೆ ಎಂಕ್ಯಾಟ್ ಯಾವಾಗ ಅಂತ ಒಂದು ಗೆರೆ. ಆ ಗೆರೆಗಿಂತ ಮುಂಚೆ ಫಿಸಿಕ್ಸ್, ಬಯಾಲಜಿ, ಸೈಕಾಲಜಿ ಕೂರಿಸಿ, ಒಂದೇ ಕಾಲಂನಲ್ಲಿ ಎರಡಕ್ಕಿಂತ ಜಾಸ್ತಿ ಲ್ಯಾಬ್ ಬೀಳದಂತೆ ನೋಡಿ. ಉಳಿದ ಜಾಗದಲ್ಲಿ ಮೇಜರ್‌ನ ಕೋರ್ಸುಗಳು. ಬರೆಯುವುದು ಮಗುವೇ ಆಗಿರಲಿ, ನೀವು ಪಕ್ಕದಲ್ಲಿರಿ. ಪ್ರತಿ ಸೆಮಿಸ್ಟರ್ ರಿಜಿಸ್ಟ್ರೇಶನ್‌ಗೆ ಮುಂಚೆ ಅದನ್ನು ಕಾಲೇಜಿನ ಪ್ರೀಹೆಲ್ತ್ ಅಡ್ವೈಸರ್‌ಗೆ ತೋರಿಸಿ ಬರಲಿ, ಮೇಜರ್‌ನ ಅಡ್ವೈಸರ್ ಬೇರೆ, ಇವರು ಬೇರೆ. ಪೆನ್ಸಿಲಿನಲ್ಲೇ ಬರೆಯಿರಿ. ನಮ್ಮ ಮನೆಯ ಫ್ರಿಜ್ ಮೇಲಿದ್ದ ಹಾಳೆಯಲ್ಲಿ ಬಯೋಕೆಮಿಸ್ಟ್ರಿ ನಾಲ್ಕು ಸಲ ಜಾಗ ಬದಲಾಯಿಸಿತು, ಅಳಿಸಿ ಅಳಿಸಿ ಆ ಚೌಕದಲ್ಲಿ ಕಾಗದ ತೆಳ್ಳಗಾಗಿಬಿಟ್ಟಿತ್ತು.